ಪುಟ್ಟನ ಅಳತೆ

ಅಕ್ಕನ ಹೊಲಿಗೆ ಅಂಗಡಿಗೆ ಮೊದಲ ಸಲ ಬಂದವರು ಯಾರೇ ಆಗಲಿ, ಒಳಗೆ ಕಾಲಿಟ್ಟ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಎದುರು ಗೋಡೆಯಲ್ಲಿ, ಭುಜದೆತ್ತರಕ್ಕೆ ಹೊಡೆದ ಮೊಳೆಯಿಂದ ಎರಡು ಕಾಲು ನೇತಾಡುತ್ತಿರುತ್ತವೆ. ಕಂದು ಕಾಗದದ ಕಾಲುಗಳು, ಪ್ಯಾಂಟು ಕತ್ತರಿಸಲು ಇಟ್ಟುಕೊಳ್ಳುವ ಮಾದರಿ. ಅಂಥದ್ದು ಎಲ್ಲ ದರ್ಜಿಗಳ ಅಂಗಡಿಯಲ್ಲೂ ಇರುತ್ತದೆ. ಆದರೆ ಇದರ ಉದ್ದ ನೋಡಿದವರಿಗೆ, ಇದು ಯಾವ ಮನುಷ್ಯನದಪ್ಪಾ ಎನ್ನುವ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲುತ್ತದೆ. ಫ್ಯಾನು ಹಾಕಿದರಂತೂ ಕೇಳಲೇಬೇಡಿ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಸೊಂಟದಿಂದ ಮೇಲೆ ಏನೂ ಇಲ್ಲದ ಯಾರೋ ನಿಂತಲ್ಲೇ ನಡೆಯತೊಡಗುತ್ತಾರೆ.

“ಇದನ್ನ ಇಳಿಸಿ ಒಳಗಿಡಬಾರದೇನಮ್ಮಾ? ಎದೆ ಧಸಕ್ ಅನ್ನುತ್ತೆ,” ಎಂದು ಯಾರಾದರೂ ಹೇಳಿದರೆ ಅಕ್ಕ, “ಮಡಿಚಿದ್ರೆ ಕಾಗದಕ್ಕೆ ಗೆರೆ ಬೀಳುತ್ತೆ. ಆಮೇಲೆ ಅಳತೆ ಸರಿಯಾಗಿ ನಿಲ್ಲಲ್ಲ,” ಎಂದು ಟೇಪು ಕೈಗೆತ್ತಿಕೊಳ್ಳುತ್ತಾಳೆ. ಇದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೂರು ವರ್ಷದಿಂದ ಆ ಅಂಗಡಿಯಲ್ಲಿ ಆಡುವ ಮಾತೆಲ್ಲ ಹೆಚ್ಚು ಕಡಿಮೆ ಇದೇ ಬಗೆಯದು.

ಬಾಗಿಲ ಪಕ್ಕ, ಬೆಳಕು ಬೀಳುವಲ್ಲಿ, ತಗ್ಗು ಕುರ್ಚಿಯ ಮೇಲೆ ಅಮ್ಮ ಕೂತಿರುತ್ತಾಳೆ. ಅಕ್ಕನಿಗೆ ಕತ್ತರಿ ಹಿಡಿಯಲು ಕಲಿಸಿದವಳು ಅವಳೇ. ಈಗ ಕಣ್ಣು ಮಂಜಾಗಿ ಬೆಳಕು ಯಾವುದು ಬಾಗಿಲು ಯಾವುದು ಎಂಬಷ್ಟು ಮಾತ್ರ ಕಾಣುತ್ತದೆ. ಆದರೂ ಗುಂಡಿ ಹಚ್ಚುವ ಕೆಲಸ ಬಿಟ್ಟಿಲ್ಲ. ಕಣ್ಣಿದ್ದವರು ಹಚ್ಚಿದ್ದಕ್ಕಿಂತ ಅವಳು ಬೆರಳಲ್ಲಿ ತಡವಿ ಹಚ್ಚಿದ್ದು ಗಟ್ಟಿ. ದಿನಕ್ಕೊಂದು ಸಲವಾದರೂ ಅವಳ ಬಾಯಿಂದ ಅದೇ ಮಾತು ಬರುತ್ತದೆ.

“ಕಳ್ಳ. ನಮ್ಮಿಬ್ಬರ ಕಣ್ಣಿಗೂ ಮಣ್ಣೆರಚಿ ಪ್ಯಾಂಟಿನ ತುದಿ ತಾನೇ ಬಿಚ್ಚಿ ಹೊಲ್ಕೊಂಡನಲ್ಲ. ಒಂದು ಮಾತು ಹೇಳಿದ್ದಿದ್ರೆ ಬದುಕಿರ್ತಿದ್ದ.”

ಆಗ ಅಕ್ಕನ ಮಷೀನು ಒಂದು ಹೊಲಿಗೆಯಷ್ಟು ಹೊತ್ತು ನಿಲ್ಲುತ್ತದೆ. ಯಾಕೆಂದರೆ ಪುಟ್ಟ ಒಂದೇ ಒಂದು ದಾರವನ್ನೂ ಬಿಚ್ಚಿದವನಲ್ಲ. ಬಿಚ್ಚಿದವಳು ಅಕ್ಕ, ಹೊಲಿದವಳೂ ಅಕ್ಕ. ಸತ್ತವನ ತಲೆಯ ಮೇಲಿರುವ ಆ ಕಳಂಕವನ್ನು ಇಳಿಸಲು ಒಂದು ಮಾತು ಸಾಕು. ಮೂರು ವರ್ಷದಿಂದ ಆ ಒಂದು ಮಾತಿಗೆ ಅವಳ ನಾಲಿಗೆ ಹೊರಳಿಲ್ಲ.

ಪುಟ್ಟ ಎಂದರೆ ಅವಳ ತಮ್ಮ. ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು, ಮನೆಗೆ ಕೊನೆಯವನು, ಅದಕ್ಕೇ ಪುಟ್ಟ. ಮಕ್ಕಳಿಗೆ ಹೆಸರಿಡುವಾಗ ಯಾರೂ ಟೇಪು ಹಿಡಿದು ಯೋಚಿಸುವುದಿಲ್ಲವಲ್ಲ! ಹದಿಮೂರಕ್ಕೆ ಅವನು ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಂಡ. ಹದಿನಾರಕ್ಕೆ ಕೈ ಮೇಲೆತ್ತಿದರೆ ಫ್ಯಾನಿನ ರೆಕ್ಕೆ ಸಿಗುತ್ತಿತ್ತು. ಬೀದಿಯ ಹುಡುಗರು ಏಣಿ ಎಂದು ಕರೆದರು. ಮಾಳಿಗೆಯ ಮೇಲೆ ಬಿದ್ದ ಚೆಂಡು ಬೇಕಾದಾಗ ಮಾತ್ರ ಏಣಿಯಣ್ಣ ಎಂದರು. ಎದುರು ಸಾಲಿನ ಕ್ಷೌರದವನು ದಿನಾ, “ಮೇಲೆ ಹವೆ ಹೇಗಿದೆಯಪ್ಪಾ?” ಎಂದು ಕೇಳುತ್ತಿದ್ದ. “ಚೆನ್ನಾಗಿದೆ ಅಣ್ಣ, ಕೆಳಗಿನಷ್ಟು ಗಲಾಟೆ ಇಲ್ಲ,” ಎಂದು ಪುಟ್ಟ ಅಷ್ಟೇ ಸಮಾಧಾನದಿಂದ ಹೇಳಿ ಹೋಗುತ್ತಿದ್ದ. ಅವನ ಸ್ವಭಾವವೇ ಹಾಗೆ. ತಾನು ಜಾಗ ಹೆಚ್ಚು ಹಿಡಿಯುತ್ತೇನೆಂದು ಎಲ್ಲರ ಕ್ಷಮೆ ಕೇಳುವವನಂತೆ ಮೆತ್ತಗೆ ಮಾತಾಡುತ್ತಿದ್ದ.

ಓದು ಹತ್ತಲಿಲ್ಲ, ಅಂಗಡಿಯಲ್ಲೇ ಇಸ್ತ್ರಿಗೆ ನಿಂತ. ಸೂಜಿಯ ಕೆಲಸ ಅವನಿಂದ ಆಗುವ ಹಾಗೇ ಇರಲಿಲ್ಲ. ಬೆರಳು ಒಂದೊಂದೂ ಬಾಳೆಕಾಯಿಯ ಹಾಗಿದ್ದವು. ಆದರೆ ಇಸ್ತ್ರಿಪೆಟ್ಟಿಗೆ ಅವನ ಕೈಯಲ್ಲಿ ಸಾಬೂನಿನ ತುಂಡಿನಂತೆ ಜಾರುತ್ತಿತ್ತು. ಒಂದು ಮಡಿಕೆ ಕೂರಿಸಿದರೆ ಒಗೆದು ಒಣಗಿದ ಮೇಲೂ ಅದು ಕೂತಲ್ಲೇ ಕೂತಿರುತ್ತಿತ್ತು. ಅವನು ಪೆಟ್ಟಿಗೆ ಕೆಳಗಿಡುವಾಗ ದಪ್ಪ್ ಎಂದು ಒಂದು ಸದ್ದು ಬರುತ್ತಿತ್ತು. ಅಕ್ಕನಿಗೆ ಆ ಸದ್ದಿನ ಲೆಕ್ಕದಲ್ಲೇ ಹೊತ್ತು ತಿಳಿಯುತ್ತಿತ್ತು.

ಹದಿನೆಂಟು ತುಂಬಿದರೂ ಬೆಳೆಯುವುದು ನಿಲ್ಲದಿದ್ದಾಗ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೋಗಲು ಒಂದು ದಿನ, ಬರಲು ಒಂದು ದಿನ. ಬಸ್ಸಿನಲ್ಲಿ ಅವನು ಕಾಲನ್ನು ನಡುದಾರಿಯಲ್ಲಿ ಚಾಚಿ ಕೂತ; ಹತ್ತುವವರೂ ಇಳಿಯುವವರೂ ದಾಟಿಕೊಂಡೇ ಓಡಾಡಿದರು. ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಮಿದುಳಿನ ಕೆಳಗೆ ಬಟಾಣಿಯಷ್ಟು ಒಂದು ಗ್ರಂಥಿ ಇರುತ್ತದೆ, ಅದರಲ್ಲಿ ಗಡ್ಡೆ ಬೆಳೆದಿದೆ, ಬೆಳೆ ಬೆಳೆ ಎಂದು ಮೈಗೆ ಹೇಳುತ್ತಲೇ ಇದೆ ಎಂದರು.

“ಬೆಳೆದ್ರೆ ಬೆಳೀಲಿ ಬಿಡಿ ಡಾಕ್ಟ್ರೇ,” ಅಂದಳು ಅಮ್ಮ. “ಉದ್ದಕ್ಕೆ ಹೊಲ್ದು ಕೊಡೋಕೆ ನಾವಿಬ್ಬರಿದ್ದೀವಿ. ಅದರಿಂದ ಏನು ತೊಂದ್ರೆ?”

ಡಾಕ್ಟರು ನಗಲಿಲ್ಲ. “ನೀವು ಹೊಲಿಯೋರಲ್ವಾ? ಬಟ್ಟೆ ಗೊಂಬೆ ಯಾವತ್ತಾದ್ರೂ ಮಾಡಿದ್ದೀರಾ?”

ಮಾಡಿದ್ದರು. ಒಂದು ಸಲ ಆಟಿಕೆ ಅಂಗಡಿಯವನು, ಕಿಟಕಿಯಲ್ಲಿ ಕೂರಿಸಲು ಎಂದಿನ ಗೊಂಬೆಗಿಂತ ಎರಡು ಪಟ್ಟು ಎತ್ತರದ್ದು ಬೇಕೆಂದಿದ್ದ. ಅಮ್ಮ ಬಟ್ಟೆ ಎರಡು ಪಟ್ಟು ಸಾಕೆಂದುಕೊಂಡಿದ್ದಳು, ನಾಲ್ಕು ಪಟ್ಟು ಹಿಡಿಯಿತು. ಹತ್ತಿಯಂತೂ ತುಂಬಿದಷ್ಟೂ ನುಂಗುತ್ತಲೇ ಹೋಗಿ ಎಂಟು ಪಟ್ಟಿಗೆ ನಿಂತಿತು. ಕೊನೆಗೆ ನೋಡಿದರೆ ಗೊಂಬೆ ಎದ್ದು ನಿಲ್ಲಲೇ ಇಲ್ಲ. ಚಿಕ್ಕ ಗೊಂಬೆಗೆ ಸಾಕಾಗಿದ್ದ ಹೊಲಿಗೆಯೇ ದೊಡ್ಡದರ ತೊಡೆಯಲ್ಲಿ ಬಾಯಿಬಿಟ್ಟಿತು. ಒಳಗೆ ಕೋಲು ಸಿಕ್ಕಿಸಿ ನಿಲ್ಲಿಸಿ ಕೊಟ್ಟಿದ್ದರು.

“ಮನುಷ್ಯನ ಮೈಯೂ ಅದೇ ಲೆಕ್ಕ ತಾಯಿ,” ಎಂದರು ಡಾಕ್ಟರು. “ಎತ್ತರ ಎರಡು ಪಟ್ಟಾದ್ರೆ ಭಾರ ಎಂಟು ಪಟ್ಟು. ಆ ಭಾರ ಹೊರೋ ಮೂಳೆಯ ಶಕ್ತಿ ನಾಲ್ಕೇ ಪಟ್ಟು. ಹೃದಯ ಅಷ್ಟು ಎತ್ತರಕ್ಕೆ ರಕ್ತ ಎತ್ತಬೇಕು, ಅಷ್ಟು ದೂರದ ಕಾಲಿಂದ ವಾಪಸ್ ಎಳೀಬೇಕು. ಇವನದು ಎರಡು ಪಟ್ಟೇನೂ ಆಗಿಲ್ಲ, ನಿಜ. ಆದ್ರೆ ಒಂದೊಂದು ಇಂಚಿಗೂ ಭಾರ ಮುಂದೆ ಓಡುತ್ತೆ, ಬಲ ಹಿಂದೆ ಉಳಿಯುತ್ತೆ. ಗೊಂಬೆಗಾದ್ರೆ ನೀವು ಕೋಲು ಇಟ್ರಿ. ನಾನು ಇವನಿಗೆ ಎಲ್ಲಿಂದ ಕೋಲು ತರಲಿ?”

ಮೂಗಿನ ಒಳಗಿಂದ ಹೋಗಿ ಗಡ್ಡೆ ತೆಗೆದರು. ಬದುಕಿ ಬಂದ, ಆದರೆ ಎಡಗಣ್ಣಿನ ಹೊರ ಅಂಚು ಕತ್ತಲಾಗಿಯೇ ಉಳಿಯಿತು. ಗಡ್ಡೆ ಮತ್ತೆ ಬಂದರೆ ಮತ್ತೆ ತೆಗೆಯಬೇಕು, ಆಗ ಬಲಗಣ್ಣಿನ ಬಗ್ಗೆ ಮಾತು ಕೊಡಲಾಗದು ಎಂದಿದ್ದರು. ಬರುವ ದಾರಿಯಲ್ಲಿ ಪುಟ್ಟ ಅಕ್ಕನ ಸೆರಗಿನ ತುದಿಯನ್ನು ಸಣ್ಣ ಮಗುವಿನ ಹಾಗೆ ಬೆರಳಿಗೆ ಸುತ್ತಿಕೊಂಡು ಹೇಳಿದ: “ಇನ್ನೊಂದ್ಸಲ ಅಲ್ಲಿಗೆ ಬೇಡ ಅಕ್ಕಾ. ಕುರುಡನಾಗಿ ಇಷ್ಟುದ್ದ ಮೈ ಇಟ್ಕೊಂಡು ನಾನೆಲ್ಲಿ ಓಡಾಡಲಿ?”

ಡಾಕ್ಟರು ಅಕ್ಕನಿಗೆ ಒಂದು ಕೆಲಸ ಹೇಳಿದ್ದರು. “ಪದೇ ಪದೇ ಇಲ್ಲಿಗೆ ಬರೋದು ನಿಮಗೆ ಕಷ್ಟ. ತಿಂಗಳಿಗೊಂದ್ಸಲ ಅಳತೆ ತೆಗೆದು ನನಗೆ ಒಂದು ಕಾರ್ಡು ಹಾಕಿ. ದರ್ಜಿ ಕೈಗಿಂತ ನಂಬಿಕೆಯ ಕೈ ಬೇಕಾ? ಕಾಲಿಂಚು ಹೆಚ್ಚಾದ್ರೂ ಸರಿ, ಅವತ್ತೇ ಬಸ್ಸು ಹತ್ತಿಸಿ.”

ಹಾಗಾಗಿ ಪ್ರತಿ ತಿಂಗಳ ಒಂದನೇ ತಾರೀಕು, ಅಂಗಡಿಯ ಬಾಗಿಲು ತೆಗೆಯುವ ಮೊದಲು, ಪುಟ್ಟ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಸೊಂಟದಿಂದ ಹಿಮ್ಮಡಿಯವರೆಗೆ ನಲವತ್ತೊಂಬತ್ತು ಇಂಚು. ಅಕ್ಕ ಎಣ್ಣೆ ಕಲೆಯ ನೋಟ್‌ಬುಕ್ಕಿನಲ್ಲಿ ಬರೆದು, ಕಾರ್ಡಿನಲ್ಲೂ ಬರೆದು, ಅಂಚೆಗೆ ಹಾಕುತ್ತಿದ್ದಳು. ಮುಂದಿನ ತಿಂಗಳು ನಲವತ್ತೊಂಬತ್ತು. ಅದರ ಮುಂದಿನ ತಿಂಗಳೂ ಅಷ್ಟೇ. “ಎಷ್ಟು ಅಕ್ಕಾ?” ಎಂದು ಅವನು ಕಣ್ಣು ಮುಚ್ಚಿಕೊಂಡೇ ಕೇಳುವನು. “ಅಷ್ಟೇ,” ಎನ್ನುವಳು. ಆ ಒಂದು ಶಬ್ದ ಕೇಳಿ ಅವನ ಭುಜ ಎರಡೂ ಇಳಿಯುತ್ತಿದ್ದವು. ಮೂರು ವರ್ಷ ಹೀಗೆ ನಡೆಯಿತು. ಅವರ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಕಾಲ ಹಿಂದೆ ಇರಲಿಲ್ಲ, ಮುಂದೆಯೂ ಬರಲಿಲ್ಲ.

ಆ ಮೂರನೆಯ ವರ್ಷ ಅಮ್ಮ ಧೈರ್ಯ ಮಾಡಿ ಬಡಗಿಯನ್ನು ಕರೆಸಿದಳು. ಪುಟ್ಟನಿಗೆ ಅಂತಲೇ ಒಂದು ಮಂಚ, ಬಾಗಿಲಿಗೆ ಎತ್ತರದ ಹೊಸ ಚೌಕಟ್ಟು. ಅಲ್ಲಿಯವರೆಗೆ ಅವನು ಮಲಗಿದ್ದು ನೆಲದ ಮೇಲೇ; ಬೆಳೆಯುವವನಿಗೆ ಮಂಚ ಯಾರು ಮಾಡಿಸುತ್ತಾರೆ? ಮಂಚ ಬಂದ ದಿನ ಮಧ್ಯಾಹ್ನವೇ ಅದರ ಮೇಲೆ ಉದ್ದಕ್ಕೆ ಮಲಗಿ, ಅಂಗಾಲಿಗೂ ಹಲಗೆಗೂ ನಡುವೆ ನಾಲ್ಕು ಬೆರಳು ಜಾಗ ಉಳಿದದ್ದನ್ನು ಅಕ್ಕನಿಗೆ ತೋರಿಸಿ, “ನೋಡು, ನಾನು ಒಂದು ಕಡೆ ಮುಗಿದೆ!” ಎಂದು ಜೋರಾಗಿ ನಕ್ಕ. ಹೊಸ ಬಾಗಿಲಲ್ಲಿ ತಲೆ ಎತ್ತಿಕೊಂಡು ಆರೇಳು ಸಲ ಸುಮ್ಮಸುಮ್ಮನೆ ಒಳಗೂ ಹೊರಗೂ ಓಡಾಡಿದ. ಅಕ್ಕ ಅವನಿಗೆ ಬೂದು ಬಣ್ಣದ ಒಳ್ಳೆಯ ಬಟ್ಟೆಯಲ್ಲಿ ಒಂದು ಪ್ಯಾಂಟು ಹೊಲಿದಳು; ಗೋಡೆಯ ಮೇಲಿರುವ ಕಾಗದ ಅದರದೇ ಮಾದರಿ. ಹೊಲಿಯುವಾಗ, ಬೇಡವೆಂದರೂ ಕೈ ಕೇಳಬೇಕಲ್ಲ, ಕಾಲಿನ ತುದಿಯಲ್ಲಿ ಐದು ಇಂಚು ಬಟ್ಟೆ ಒಳಗೆ ಮಡಿಚಿಟ್ಟಳು. ಬೆಳೆಯುವ ಮಕ್ಕಳ ಬಟ್ಟೆಗೆ ಹಾಗೆ ಒಳಮಡಿಕೆ ಬಿಡಬೇಕೆಂದು ಅಮ್ಮನೇ ಕಲಿಸಿದ್ದಳು. ಅವಳ ಕೈ ಇನ್ನೂ ಅವನನ್ನು ಬೆಳೆಯುವ ಮಗು ಎಂದೇ ತಿಳಿದಿತ್ತು.

ಎರಡು ತಿಂಗಳ ಮೇಲೆ, ಒಂದನೇ ತಾರೀಕು, ಟೇಪು ನಲವತ್ತೊಂಬತ್ತೂ ಕಾಲು ಎಂದಿತು.

ಅಕ್ಕ ಮೊಣಕಾಲೂರಿ ಕೂತವಳು ಹಾಗೇ ಕೂತಳು. ಟೇಪು ಸಡಿಲಾಗಿರಬೇಕೆಂದು ಮತ್ತೆ ಹಿಡಿದಳು. ಕಾಲಿಂಚು ಎಂದರೆ ಎಷ್ಟು? ಬೆರಳಿನ ಉಗುರಿನ ಅರ್ಧ. ಮೇಲಿನಿಂದ ಅವನ ದನಿ ಬಂತು.

“ಎಷ್ಟು ಅಕ್ಕಾ?”

ತಲೆಯೆತ್ತಿ ನೋಡಿದಳು. ಅಷ್ಟು ಮೇಲೆ ಆ ಮುಖ, ಮುಚ್ಚಿದ ಕಣ್ಣು, ಕಾಯುತ್ತಿರುವ ಭುಜ. ಹೊರಗೆ ಹೊಸ ಚೌಕಟ್ಟಿಗೆ ಹಚ್ಚಿದ ಬಣ್ಣದ ವಾಸನೆ ಇನ್ನೂ ಬರುತ್ತಿತ್ತು.

“ಅಷ್ಟೇ,” ಅಂದಳು.

ಭುಜ ಇಳಿದವು. ನೋಟ್‌ಬುಕ್ಕಿನಲ್ಲಿ ನಲವತ್ತೊಂಬತ್ತು ಎಂದು ಬರೆದಳು, ಕಾರ್ಡಿನಲ್ಲೂ ಬರೆದಳು. ಟೇಪಿನ ತಪ್ಪಿರಬಹುದು, ಮುಂದಿನ ತಿಂಗಳು ನೋಡೋಣ ಎಂದು ತನಗೆ ತಾನೇ ಹೇಳಿಕೊಂಡಳು. ಮುಂದಿನ ತಿಂಗಳು ಟೇಪು ಇನ್ನೊಂದು ಕಾಲು ಇಂಚು ಮುಂದೆ ಹೋಗಿತ್ತು. ಈಗ ನಿಜ ಹೇಳಿದರೆ ಹೋದ ತಿಂಗಳ ಸುಳ್ಳನ್ನೂ ಹೇಳಬೇಕಾಗುತ್ತದೆ. ಸುಳ್ಳಿನ ಗುಣವೇ ಅದು, ಎರಡನೆಯದು ಮೊದಲನೆಯದಕ್ಕೆ ಕಾವಲು ಕೂರುತ್ತದೆ. ಅವತ್ತು ಪುಟ್ಟ ದಾರ ತರಲು ಹೋದಾಗ ಬೂದು ಪ್ಯಾಂಟಿನ ಒಳಮಡಿಕೆ ಬಿಚ್ಚಿ, ಅರ್ಧ ಇಂಚು ಬಟ್ಟೆ ಬಿಟ್ಟು, ಮತ್ತೆ ಹೊಲಿದಳು. ಹಳೇ ಮಡಿಕೆಯ ಗೆರೆ ಕಾಣಬಾರದೆಂದು ವಿನೆಗರ್ ಹಚ್ಚಿ ಒದ್ದೆ ಬಟ್ಟೆ ಹಾಸಿ ತಾನೇ ಇಸ್ತ್ರಿ ಎಳೆದಳು. ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಇದೇ ಕೆಲಸವಾಯಿತು. ಪ್ಯಾಂಟು ಗಿಡ್ಡವಾಗದಿದ್ದರೆ ಅವನು ಉದ್ದವಾಗಿಲ್ಲ ಎಂದು ಅವಳು ತನ್ನನ್ನೇ ನಂಬಿಸಿಕೊಂಡಳು. ಬುದ್ಧಿ ಇಲ್ಲದವಳಲ್ಲ ಅವಳು. ಆದರೆ ಪ್ರೀತಿ ಎಂಥ ಬುದ್ಧಿವಂತರನ್ನೂ ಇಷ್ಟು ದಡ್ಡರನ್ನಾಗಿ ಮಾಡುತ್ತದೆ, ನೋಡಿದ್ದೇನೆ.

ಕಣ್ಣಿಗೆ ಕಾಣುವಂಥದ್ದು ಬೇಕಾದಷ್ಟಿತ್ತು. ಹೊಸ ಚೌಕಟ್ಟಿನಲ್ಲೂ ಅವನು ತಲೆ ಬಗ್ಗಿಸತೊಡಗಿದ. “ಯಾಕೋ ಬಗ್ತೀಯಾ? ಅಷ್ಟು ಎತ್ತರ ಮಾಡ್ಸಿದ್ದೀವಲ್ಲ,” ಎಂದು ಅಮ್ಮ ಕೇಳಿದರೆ, “ಹಳೇ ಅಭ್ಯಾಸ ಅಮ್ಮ, ಹೋಗಲ್ಲ,” ಎನ್ನುತ್ತಿದ್ದ. ಮಂಚದ ಮೇಲೆ ಮೊಣಕಾಲು ಮಡಿಚಿ ಒಂದು ಮಗ್ಗುಲಿಗೆ ಮಲಗುತ್ತಿದ್ದ. ಅಂಗಡಿಯಿಂದ ಮೂಲೆಯ ಚಹಾದ ಅಂಗಡಿಗೆ ಹೋಗಿ ಬಂದರೆ ಗೋಡೆ ಹಿಡಿದು ನಿಂತು ಉಸಿರೆಳೆದುಕೊಳ್ಳುತ್ತಿದ್ದ. ಇಸ್ತ್ರಿಪೆಟ್ಟಿಗೆಯ ಒಂದು ದಪ್ಪ್ ಸದ್ದಿಗೂ ಇನ್ನೊಂದಕ್ಕೂ ನಡುವಿನ ಬಿಡುವು ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು. ಅಕ್ಕ ಎಲ್ಲವನ್ನೂ ಕಂಡಳು, ಹೊಟ್ಟೆಯಲ್ಲಿ ಹಾಕಿಕೊಂಡಳು, ಒಂದನೇ ತಾರೀಕು ಬಂದಾಗ “ಅಷ್ಟೇ” ಅಂದಳು.

ಹನ್ನೊಂದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕೋಟೊಂದನ್ನು ಇಸ್ತ್ರಿ ಮಾಡುತ್ತಿದ್ದವನು ನಿಂತಲ್ಲೇ ಕುಸಿದ. ಅವನೊಬ್ಬನನ್ನು ಎತ್ತಲು ಇಡೀ ಬೀದಿ ಸೇರಬೇಕಾಯಿತು. ಕೋಟಿನ ಬೆನ್ನಿನ ಮೇಲೆ ಪೆಟ್ಟಿಗೆಯ ಆಕಾರದಲ್ಲಿ ಒಂದು ಸುಟ್ಟ ಕಲೆ ಉಳಿಯಿತು. ಅವನ ಕೈಯಲ್ಲಿ ಹಾಳಾದ ಬಟ್ಟೆ ಅದೊಂದೇ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರು ಅಳೆದರು. ನಿಂತ ಎತ್ತರ ಅಳೆಯಲು ಆಗದೆ ಮಲಗಿಸಿಯೇ ಅಳೆದರು. ಆಮೇಲೆ ಮೇಜಿನ ಖಾನೆಯಿಂದ ಕಾರ್ಡುಗಳ ಕಟ್ಟು ತೆಗೆದು ಅಕ್ಕನ ಮುಂದೆ ಇಟ್ಟರು. ಎಲ್ಲದರ ಮೇಲೂ ಅವಳದೇ ದುಂಡಕ್ಷರ, ನಲವತ್ತೊಂಬತ್ತು, ನಲವತ್ತೊಂಬತ್ತು, ನಲವತ್ತೊಂಬತ್ತು.

“ಒಟ್ಟು ನಾಲ್ಕು ಇಂಚು ಹೆಚ್ಚಾಗಿದ್ದಾನೆ. ಹೃದಯ ಹಿಗ್ಗಿಹೋಗಿದೆ, ಈಗ ಆಪರೇಷನ್ನೂ ತಡೆಯಲ್ಲ. ನೀವು ದರ್ಜಿ ಕಣಮ್ಮಾ! ನಿಮಗೆ ಹೇಗೆ ಗೊತ್ತಾಗಲಿಲ್ಲ?”

ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಆಗ ಅವಳಿಗೆ ಇನ್ನೂ ಸ್ವಲ್ಪ ಕಣ್ಣು ಕಾಣುತ್ತಿತ್ತು. ಎರಡು ಮಂಚ ಜೋಡಿಸಿ ಮಲಗಿಸಿದ್ದ ಪುಟ್ಟ, ಆಮ್ಲಜನಕದ ಮುಖವಾಡದ ಒಳಗಿಂದ ಮಾತಾಡಿದ. ಅಕ್ಕನ ಬಾಯಿ ಅಷ್ಟರಲ್ಲಿ ತೆರೆದಿತ್ತು. ಇದನ್ನು ಅವಳ ಪರವಾಗಿ ಹೇಳಲೇಬೇಕು. ಆದರೆ ಅವನು ಮುಂಚೆ ಮಾತಾಡಿದ.

“ಅಕ್ಕನಿಗೆ ಗೊತ್ತಿಲ್ಲ ಡಾಕ್ಟ್ರೇ. ಅಳತೆ ತಗೊಳ್ಳೋವಾಗ ನಾನು ಮೊಣಕಾಲು ಬಗ್ಗಿಸ್ತಿದ್ದೆ. ಪ್ಯಾಂಟು ನಾನೇ ಬಿಚ್ಚಿ ಹೊಲ್ಕೊಂತಿದ್ದೆ. ನನಗೆ ಇಲ್ಲಿಗೆ ಬರೋಕೆ ಭಯ ಇತ್ತು.”

ಡಾಕ್ಟರು ಕಾರ್ಡುಗಳನ್ನು ಮತ್ತೆ ಖಾನೆಗೆ ಹಾಕಿದರು. ಅಮ್ಮ ಹಣೆ ಹಣೆ ಬಡಿದುಕೊಂಡಳು. ಅಕ್ಕ ತೆರೆದ ಬಾಯಿಯನ್ನು ಮುಚ್ಚಿದಳು. ಆವತ್ತು ಮುಚ್ಚಿದ್ದು.

ಅಮ್ಮ ನೀರು ತರಲು ಹೋದಾಗ ಅವನ ಕಿವಿಯ ಹತ್ತಿರ ಬಗ್ಗಿ, “ಯಾವಾಗ ಗೊತ್ತಾಯ್ತೋ?” ಎಂದಳು.

“ಮೊದಲ ಸಲ ಬಿಚ್ಚಿದಾಗಲೇ. ಇಸ್ತ್ರಿ ಮಾಡೋನಿಗೆ ಹಳೇ ಮಡಿಕೆ ಗುರುತು ಸಿಗಲ್ವಾ? ಅದೂ ವಿನೆಗರ್ ವಾಸನೆ ಬೇರೆ.” ಸ್ವಲ್ಪ ನಕ್ಕ. “ನಿನಗೆ ಇಸ್ತ್ರಿ ಬರಲ್ಲ ಅಕ್ಕಾ. ಅಂಚಲ್ಲಿ ಸುಕ್ಕು ಬಿಡ್ತೀಯಾ.”

“ಮತ್ತೆ ಯಾಕೆ ಸುಮ್ನಿದ್ಯೋ, ಮಾರಾಯ?”

ಅವನು ಬಹಳ ಹೊತ್ತು ಉಸಿರು ಕೂಡಿಸಿಕೊಂಡ. “ನೀನು ‘ಅಷ್ಟೇ’ ಅಂದ್ರೆ ಒಂದು ತಿಂಗಳು ನೆಮ್ಮದಿಯಾಗಿ ಇರ್ತಿದ್ದೆ. ಸುಳ್ಳು ಅಂತ ಗೊತ್ತಿದ್ರೂನು. ಅಮ್ಮನಿಗೆ ಮಾತ್ರ ಹೇಳಬೇಡ. ನಾನು ಹೋದ್ಮೇಲೆ ನೀವಿಬ್ಬರೇ ಒಂದು ಸೂರಿನ ಕೆಳಗೆ ಇರಬೇಕು.”

ಒಂಬತ್ತನೆಯ ದಿನ ಹೋದ. ಮನೆಗೆ ತಂದ ಮೇಲೆ ಎಂಟು ಜನ ಹೊತ್ತರು, ದಾರಿಯಲ್ಲಿ ಎರಡು ಸಲ ಹೆಗಲು ಬದಲಿಸಿದರು. ಹೊಸ ಚೌಕಟ್ಟಿನಲ್ಲಿ ಅವನನ್ನು ಹೊರಗೆ ಒಯ್ಯುವಾಗ ಬಗ್ಗುವ ಅಗತ್ಯ ಯಾರಿಗೂ ಬೀಳಲಿಲ್ಲ.

ಸತ್ತವರು ಮನೆ ಬಿಟ್ಟು ಹೋಗುತ್ತಾರೆ ಎನ್ನುವವರು ಇಂಥವನೊಬ್ಬನ ಜೊತೆ ಬದುಕಿಲ್ಲ. ಅಷ್ಟು ಜಾಗ ತುಂಬಿದ್ದವನು ಎದ್ದು ಹೋದರೆ ಉಳಿಯುವ ಖಾಲಿಯೂ ಅಷ್ಟೇ ದೊಡ್ಡದು. ಐದಡಿ ಎತ್ತರದ ಅಕ್ಕ ಆ ಚೌಕಟ್ಟು ದಾಟುವಾಗ ತಲೆ ಬಗ್ಗಿಸತೊಡಗಿದಳು. ಯಾಕೆಂದು ಅವಳಿಗೇ ಗೊತ್ತಿಲ್ಲ. ಮಷೀನು ತುಳಿಯುತ್ತಿರುವಾಗ ಬೆನ್ನ ಹಿಂದೆ ದಪ್ಪ್ ಎಂದು ಸದ್ದಾಗುತ್ತದೆ, ತಿರುಗಿದರೆ ತಣ್ಣಗಿನ ಪೆಟ್ಟಿಗೆ. ಮಂಚವನ್ನು ಯಾರಿಗಾದರೂ ಕೊಡೋಣವೆಂದರೆ ಅದಕ್ಕೆ ಹೊಂದುವವರು ಊರಲ್ಲೇ ಇಲ್ಲ. ಒಂದನೇ ತಾರೀಕು ಬಂದರೆ ಅವಳ ಕೈ ತುರಿಸುತ್ತದೆ, ಅಳತೆ ತೆಗೆಯದೆ ಅಂಗಡಿಯ ಬಾಗಿಲು ತೆಗೆಯಲಾಗುವುದಿಲ್ಲ. ಅದಕ್ಕೇ ಗೋಡೆಯ ಕಾಗದದ ಕಾಲನ್ನು ಅಳೆಯುತ್ತಾಳೆ, ಸೊಂಟದಿಂದ ಹಿಮ್ಮಡಿಗೆ. ನಲವತ್ತೊಂಬತ್ತು. ಅದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಹುಚ್ಚು ಅನ್ನಿ. ಆದರೆ ಈ ಬರಹ ಸುಳ್ಳಲ್ಲವಲ್ಲ ಎಂದು ಅವಳಿಗೆ ಒಂದು ಸಮಾಧಾನ. ಕಾಗದದ ಪುಟ್ಟನಾದರೂ ಅವಳು ಬೇಡಿಕೊಂಡಲ್ಲೇ ನಿಂತಿದ್ದಾನೆ.

ಈ ವರ್ಷ ಮಳೆ ಬಿಡದೆ ಹಿಡಿಯಿತು. ಅಂಗಡಿಯ ಗೋಡೆ ಬೆವರಿತು, ದಾರದ ಉಂಡೆಗಳು ಮೆತ್ತಗಾದವು, ಕತ್ತರಿಗೆ ತುಕ್ಕು ಹಿಡಿಯಿತು. ಆ ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಅಮ್ಮ ಬಾಗಿಲ ಬಳಿ ಗುಂಡಿ ಡಬ್ಬಿ ತಡವುತ್ತಿದ್ದಳು. ಅಕ್ಕ ಮೊಣಕಾಲೂರಿ ಟೇಪು ಹಿಡಿದಳು.

ನಲವತ್ತೊಂಬತ್ತೂ ಕಾಲು.

ತೇವಕ್ಕೆ ಕಾಗದ ಹಿಗ್ಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಇಪ್ಪತ್ತೈದು ವರ್ಷ ಕಾಗದ ಕತ್ತರಿಸಿದ ಕೈ ಅದು. ಗೊತ್ತಿದ್ದರೇನು ಬಂತು? ಮೊಣಕಾಲೂರಿದಲ್ಲಿಂದ ತಲೆಯೆತ್ತಿ ನೋಡಿದಳು. ಮೇಲೆ ಮೊಳೆ, ಮೊಳೆಯ ಮೇಲೆ ಸೂರು. ಆದರೂ ಅವಳಿಗೆ ಅಲ್ಲಿ ಒಂದು ಮುಖ, ಮುಚ್ಚಿದ ಕಣ್ಣು, ಕಾಯುವ ಭುಜ ಇರುವಂತೆಯೇ ಆಯಿತು. ಎಷ್ಟು ಅಕ್ಕಾ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದರೂ ಅವಳ ಗಂಟಲು ಉತ್ತರಕ್ಕೆ ಸಿದ್ಧವಾಗಿತ್ತು.

ಎದ್ದು ಹೋಗಿ ನೋಟ್‌ಬುಕ್ ತೆರೆದು ಬರೆದಳು. ಬರೆದದ್ದನ್ನು ನೋಡಿದಳು. ನಲವತ್ತೊಂಬತ್ತು.

ಯಾರ ಭಯಕ್ಕೆ ಬರೆದಳು? ಡಾಕ್ಟರಿಲ್ಲ, ಕಾರ್ಡಿಲ್ಲ, ಕಣ್ಣು ಮುಚ್ಚಿ ಕಾಯುವವನಿಲ್ಲ. ಒಂದು ಕಾಗದದ ತುಂಡಿನ ಮುಂದೆಯೂ ಅವಳ ಕೈಗೆ ನಿಜ ಬರೆಯಲು ಬರಲಿಲ್ಲ. ಇದೇ ಕೈ ಅವನನ್ನು ಕೊಂದಿದ್ದು ಎಂದು ಅವಳಿಗೆ ಆ ಕ್ಷಣ ನೇರವಾಗಿ, ಅಡ್ಡ ಮಾತಿಲ್ಲದೆ ಅನ್ನಿಸಿತು.

ಬಾಗಿಲ ಬಳಿಯಿಂದ ಅಮ್ಮನ ದನಿ ಬಂತು. “ಅಳೆದ್ಯಾ ಅವನ ಕಾಗದಾನ? ಅಳಿ ಅಳಿ. ಬದುಕಿದ್ದಾಗ ಮೊಣಕಾಲು ಬಗ್ಗಿಸಿ ಮೋಸ ಮಾಡ್ದ ಕಳ್ಳ—”

“ಸಾಕು ಸುಮ್ನಿರಮ್ಮಾ!”

ಅಮ್ಮನ ಕೈಯಿಂದ ಗುಂಡಿ ಒಂದು ಬಿದ್ದು ನೆಲದ ಮೇಲೆ ಉರುಳಿತು. ಅಕ್ಕ ಒಳಗೆ ಹೋಗಿ, ಮಂಚದ ಕೆಳಗಿನ ಟ್ರಂಕಿನಿಂದ ಬೂದು ಪ್ಯಾಂಟು ತೆಗೆದಳು. ತಂದು ಅಮ್ಮನ ತೊಡೆಯ ಮೇಲೆ ಹಾಕಿದಳು. ಅಮ್ಮನ ತೊಡೆ ಮುಚ್ಚಿ, ಕುರ್ಚಿ ದಾಟಿ, ಕಾಲೆರಡೂ ನೆಲಕ್ಕೆ ಇಳಿದವು.

“ಮುಟ್ಟಿ ನೋಡು,” ಅಂದಳು. “ತುದಿ ಹೊಲಿಗೆ ಮುಟ್ಟಿ ನೋಡು. ಅದು ಯಾರ ಕೈ ಹೇಳು.”

ಅಮ್ಮ ಬಟ್ಟೆಯನ್ನು ಎಳೆದೆಳೆದು ತುದಿ ಹಿಡಿದಳು. ಬೆರಳು ಅಂಚಿನ ಮೇಲೆ ನಿಧಾನವಾಗಿ ಸುತ್ತು ಬಂತು. ಒಳಗಡೆ ಹೋಯಿತು. ವಿನೆಗರ್ ಹಚ್ಚಿದರೂ ಬಟ್ಟೆ ಮರೆಯದ ಹಳೇ ಮಡಿಕೆಗಳು ಒಂದರ ಕೆಳಗೊಂದು ಅಲ್ಲಿದ್ದವು. ಬೆರಳು ಒಂದೊಂದರ ಮೇಲೂ ನಿಂತು, ಮುಂದೆ ಹೋಗಿ, ಮತ್ತೆ ನಿಂತಿತು. ಹೊರಗೆ ಮಳೆ ಹೊಡೆಯುತ್ತಿತ್ತು. ಅಕ್ಕ ನೆಲದ ಮೇಲೆ ಕೂತು ಕಾದಳು.

“ಇದನ್ನ ಮುಟ್ಟಿ ತಿಳೀಬೇಕಾ ನಾನು?” ಅಂದಳು ಅಮ್ಮ ಕೊನೆಗೆ. “ಅವನ ಬೆರಳಿಗೆ ಸೂಜಿ ಎಲ್ಲಿ ನಿಲ್ತಿತ್ತೇ? ಒಂದು ಗುಂಡಿ ಹಚ್ಚು ಅಂದ್ರೆ ಮೂರು ಸೂಜಿ ಮುರೀತಿದ್ದ.”

ಅಕ್ಕ ತಲೆಯೆತ್ತಿ ಅಮ್ಮನ ಮುಖ ನೋಡಿದಳು.

“ಆಸ್ಪತ್ರೇಲಿ ಅವನು ಹೇಳಿದ ಕೂಡ್ಲೇ ಗೊತ್ತಾಯ್ತು ನನಗೆ. ಡಾಕ್ಟ್ರು ನಂಬಿದ್ರು. ಅವರೇನು ಹೊಲಿಯೋರಾ?”

“ಮತ್ತೆ... ಮೂರು ವರ್ಷದಿಂದ ದಿನಾ ಅವನನ್ನ ಬೈತಿದ್ಯಲ್ಲ!”

“ಇನ್ಯಾರನ್ನ ಬೈಲಿ? ನಿನ್ನ ಬೈದು, ನೀನೂ ಎದ್ದು ಹೋಗಿದ್ರೆ? ಅವನಾದ್ರೆ ಎಷ್ಟು ಬೈದ್ರೂ ಇಲ್ಲೇ ಇರ್ತಾನೆ.” ಅಮ್ಮನ ದನಿಯಲ್ಲಿ ಮೃದುತ್ವ ಎಂಬುದು ಇರಲಿಲ್ಲ. “ಇವತ್ತು ಬಾಯಿ ಬಿಡ್ತಾಳೆ, ನಾಳೆ ಬಿಡ್ತಾಳೆ ಅಂತ ಕಾದೆ. ಬೈದಾಗೆಲ್ಲ ನಿನ್ನ ಮಷೀನು ನಿಲ್ತಿತ್ತು. ಆಮೇಲೆ ಮತ್ತೆ ಓಡ್ತಿತ್ತು. ಆ ಓಡೋ ಸದ್ದು ಕೇಳಿ ಕೇಳಿ ನನ್ನ ಎದೆ ಕಲ್ಲಾಗಿದೆ. ಇವತ್ತು ಹೇಳ್ದೆ ಅಂತ ಕ್ಷಮಿಸಿಬಿಟ್ಟೆ ಅಂದ್ಕೋಬೇಡ.”

“ಅಂದ್ಕೊಳ್ಳಲ್ಲ,” ಅಂದಳು ಅಕ್ಕ. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆದರೆ ಮೂರು ವರ್ಷದಲ್ಲಿ ಮೊದಲ ಸಲ ಉಸಿರು ಹೊಟ್ಟೆಯ ತಳದವರೆಗೆ ಹೋಗಿ ಬಂತು.

ಗೋಡೆಯ ಕಾಗದ ಗಾಳಿಗೆ ಸ್ವಲ್ಪ ಅಲುಗಿತು. ಅಮ್ಮ ಕಾಣದ ಕಣ್ಣನ್ನು ಆ ಸದ್ದಿನ ಕಡೆಗೆ ತಿರುಗಿಸಿದಳು.

“ಕೊನೇಲಿ ಎಷ್ಟಿತ್ತು? ನಿಜವಾಗಿ.”

ಅಕ್ಕ ತಲೆಯೆತ್ತಿ ಕಾಗದದ ಕಾಲುಗಳನ್ನು ನೋಡಿದಳು. “ಐವತ್ತೊಂದೂ ಮುಕ್ಕಾಲು,” ಅಂದಳು. ಬಾಯಿಬಿಟ್ಟು ಯಾರ ಮುಂದೂ ಹೇಳದ ಅಳತೆ ಅದು.

ಅಮ್ಮ ತಲೆಯಾಡಿಸಿದಳು. ಅವಳ ಬೆರಳು ಇನ್ನೂ ಪ್ಯಾಂಟಿನ ತುದಿಯ ಒಳಗೇ ಇತ್ತು. ಕೊನೆಯ ಹೊಲಿಗೆಯನ್ನು ದಾಟಿ, ಅದರಾಚೆ ಮಡಿಚಿದ ಬಟ್ಟೆಯನ್ನು ಹೆಬ್ಬೆರಳಿಂದ ಒಂದು ಸಲ ಅಳೆಯಿತು, ನಂಬಿಕೆಯಾಗದೆ ಇನ್ನೊಂದು ಸಲ ಅಳೆಯಿತು.

“ಇಲ್ಲಿ ಇನ್ನೂ ಎರಡು ಇಂಚು ಬಟ್ಟೆ ಇದೆಯಲ್ಲೇ,” ಅಂದಳು.